ಬರ್ಪಿ ವರ್ಸೊಗು?

ಹಂಪನಕಟ್ಟೆಯಲ್ಲಿ ನನ್ನದು ಕೊಡೆಯ ಅಂಗಡಿ. ಮಳೆಗಾಲ ಕಳೆದರೆ ಕೆಲಸ ಕಡಿಮೆ, ನಿದ್ದೆ ಜಾಸ್ತಿ. ಮಧ್ಯಾಹ್ನ ಊಟ ಮುಗಿಸಿ ಗಲ್ಲಾದ ಹಿಂದೆ ಕುಳಿತು, ಎದುರಿನ ಬಸ್ಸುಗಳ ಹಾರನ್ ಕೇಳುತ್ತ ಕಣ್ಣು ಮುಚ್ಚಿದರೆ, ಹತ್ತು ಹನ್ನೆರಡು ವರ್ಷಗಳಿಂದ ನನಗೆ ಒಂದೇ ಕನಸು. ನಾನು ಗೋಲಿನಲ್ಲಿ ನಿಂತಿರುತ್ತೇನೆ. ಚೆಂಡು ಬಲಗಡೆಗೆ ಬರುತ್ತದೆ. ಹಾರುತ್ತೇನೆ. ನೆಲ ಮಾತ್ರ ಸಿಗುವುದೇ ಇಲ್ಲ. ಹಾರುತ್ತಲೇ ಇರುತ್ತೇನೆ, ಕೆಳಗೆ ಎಲ್ಲೋ ಹಸಿ ಮಣ್ಣಿನ ವಾಸನೆ. ಈಗ ನನ್ನ ಹೊಟ್ಟೆ ನೋಡಿದವರು ಇದನ್ನು ನಂಬುವುದಿಲ್ಲ. ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸಿಲ್ಲ.

ಹೋದ ತಿಂಗಳು ಅಂಥದೇ ಒಂದು ಮಧ್ಯಾಹ್ನ ವಾಮಂಜೂರಿನಿಂದ ಕೊಡೆ ರಿಪೇರಿಗೆ ಬಂದವರೊಬ್ಬರು ನನ್ನನ್ನು ಎಬ್ಬಿಸಿದರು. ಮುರಿದ ಕಡ್ಡಿ ತೋರಿಸುತ್ತ, "ನಿಮ್ಮ ಕಾಲೇಜಿನಲ್ಲಿ ಇದ್ದರಲ್ಲ, ಡ್ರಿಲ್ ಮಾಸ್ಟ್ರು, ನಮ್ಮ ಊರಿನವರು. ತೀರಿಕೊಂಡ್ರು. ಹದಿನೈದು ದಿನ ಆಯ್ತು" ಎಂದರು. ನನ್ನ ಕೈಯಲ್ಲಿದ್ದ ಕೊಡೆ ತಾನಾಗಿ ಬಿಚ್ಚಿಕೊಂಡಿತು. ನನಗೆ ಅಳು ಬಂತು. ಗಿರಾಕಿಯ ಎದುರು ಅಳುವುದು ಹೇಗೆಂದು ಬಿಚ್ಚಿದ ಕೊಡೆಯನ್ನೇ ಸ್ವಲ್ಪ ಹೊತ್ತು ಮುಖಕ್ಕೆ ಅಡ್ಡ ಹಿಡಿದುಕೊಂಡೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಾವು ಆ ಹೆಸರಿನಿಂದ ಅವರನ್ನು ಕರೆದದ್ದೂ ಇಲ್ಲ. ಎದುರಿಗೆ ಮಾಸ್ಟ್ರೆ, ಬೆನ್ನ ಹಿಂದೆ 'ಬರ್ಪಿ ವರ್ಸ'. ತುಳುವಿನಲ್ಲಿ ಹಾಗೆಂದರೆ ಬರುವ ವರ್ಷ. ಏನೇ ಕೇಳಲು ಹೋದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ: "ಬರ್ಪಿ ವರ್ಸೊಗು?" ಅಂದರೆ, ಬರುವ ವರ್ಷಕ್ಕೆ ಎಂತ? ಹೊಸ ನೆಟ್ ಬೇಕು ಮಾಸ್ಟ್ರೆ. ಬರ್ಪಿ ವರ್ಸೊಗು? ಗೆದ್ದದ್ದಕ್ಕೆ ಟೀಮಿಗೆ ಒಂದು ಬಿರಿಯಾನಿ ಊಟ, ಮಾಸ್ಟ್ರೆ. ಬರ್ಪಿ ವರ್ಸೊಗು? ಒಮ್ಮೆ ನಮ್ಮ ಕ್ಯಾಪ್ಟನ್ ಕಾಲು ಉಳುಕಿಸಿಕೊಂಡು ನೆಲದಲ್ಲಿ ಹೊರಳಾಡುತ್ತಿದ್ದಾಗ, ಇವರು ಎಣ್ಣೆ ಬಾಟಲಿ ತೆರೆದು, ಅರ್ಧ ಎಣ್ಣೆ ಹಚ್ಚಿ, ಉಳಿದರ್ಧವನ್ನು ಬೆಳಕಿಗೆ ಹಿಡಿದು ನೋಡಿ ಬಿರಡೆ ಹಾಕಿದರು. ಕ್ಯಾಪ್ಟನ್ ಆ ನೋವಿನಲ್ಲೂ, "ಗೊತ್ತುಂಟು ಮಾಸ್ಟ್ರೆ, ಬರ್ಪಿ ವರ್ಸೊಗು" ಎಂದ. ಎಲ್ಲರೂ ನಕ್ಕರು. ಅವರೂ ನಕ್ಕರು. ಅವರು ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ವಾಮಂಜೂರಿನಿಂದ ಕುಲಶೇಖರದ ಏರು ಹತ್ತಿ ಇಳಿದು ಅವರು ದಿನಾ ಸೈಕಲಿನಲ್ಲಿ ಬರುತ್ತಿದ್ದರು. ಖಾಕಿ ಚಡ್ಡಿ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಾಲಿಗೆ ಏನೂ ಇಲ್ಲ. ಕುತ್ತಿಗೆಯಲ್ಲಿ ಸೀಟಿ ಇತ್ತು, ಆದರೆ ಊದುತ್ತಿದ್ದದ್ದು ಅಪರೂಪ. ಕೈ ಎತ್ತಿದರೆ ಸಾಕಾಗುತ್ತಿತ್ತು. ಆ ಕೈಗಳಿಗೆ ಸದಾ ಜೇನುಮೇಣದ ವಾಸನೆ. ಹರಿದ ಫುಟ್ಬಾಲಿನ ಹೊಲಿಗೆ ಬಿಚ್ಚಿ, ನೂಲಿಗೆ ಮೇಣ ಉಜ್ಜಿ, ಅವರೇ ಮತ್ತೆ ಹೊಲಿಯುತ್ತಿದ್ದರು. ಅವರ ಕೋಣೆಯಲ್ಲಿ ಹೀಗೆ ಐದಾರು ಬಾರಿ ಹೊಲಿಸಿಕೊಂಡು ಗೋಲಾಕಾರವನ್ನೇ ಮರೆತ ಚೆಂಡುಗಳಿದ್ದವು. ಒದ್ದರೆ ಒಂದು ಕಡೆಗೆ, ಹೋಗುವುದು ಇನ್ನೊಂದು ಕಡೆಗೆ. ಅವುಗಳನ್ನು ಹಿಡಿದು ಹಿಡಿದೇ ನಾನು ಒಳ್ಳೆಯ ಗೋಲ್‌ಕೀಪರ್ ಆದೆ ಎಂದು ಈಗ ಅನಿಸುತ್ತದೆ. ಆಗ ಶಾಪ ಹಾಕುತ್ತಿದ್ದೆ.

ಸಂಜೆ ನಾಲ್ಕೂವರೆಗೆ ಕಾಲೇಜಿನ ಗಂಟೆ ಹೊಡೆದರೆ ಅವರು ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದರು. ಯಾರು ಬೇಕಾದರೂ ಬಂದು ಏನು ಬೇಕಾದರೂ ತೆಗೆದುಕೊಂಡು ಹೋಗಬಹುದು. ಆ ಹೊತ್ತಿನ ಮೈದಾನವನ್ನು ನೆನೆದರೆ, ನಿಜವಾಗಿ ಕಂಡದ್ದೆಷ್ಟು, ಗಲ್ಲಾದ ಹಿಂದೆ ಕುಳಿತು ನಾನೇ ಸೇರಿಸಿಕೊಂಡದ್ದೆಷ್ಟು ಎಂದು ತಿಳಿಯುವುದಿಲ್ಲ. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೆಂಪು ಧೂಳು ಎದ್ದು ಎಲ್ಲರ ಸೊಂಟದವರೆಗೆ ನಿಂತು, ಎಲ್ಲರೂ ಅರ್ಧರ್ಧ ತೇಲುತ್ತಿರುವ ಹಾಗೆ ಕಾಣುತ್ತಿತ್ತು. ದಪ್ಪ ಕನ್ನಡಕದ ಸಂಸ್ಕೃತದ ಹುಡುಗರು ಕಬಡ್ಡಿಗೆ ಇಳಿಯುತ್ತಿದ್ದರು. ಆ ಕಡೆ ಹುಡುಗಿಯರು ಸೆರಗು ಸೊಂಟಕ್ಕೆ ಸಿಕ್ಕಿಸಿ ರಿಂಗ್ ಎಸೆಯುತ್ತಿದ್ದರು. ಲೆಕ್ಕಶಾಸ್ತ್ರದ ಮೇಷ್ಟ್ರೊಬ್ಬರು ಪಂಚೆ ಮೇಲಕ್ಕೆ ಕಟ್ಟಿ ವಾಲಿಬಾಲಿಗೆ ಬಂದು, ಒಂದು ಸಲವೂ ನೆಟ್ ದಾಟಿಸದೆ, ಪರಮ ಸಂತೋಷದಿಂದ ಮನೆಗೆ ಹೋಗುತ್ತಿದ್ದರು. ಮಾಸ್ಟ್ರು ಬದಿಯಲ್ಲಿ ಬರಿಗಾಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಚೆನ್ನಾಗಿ ಆಡುವ ನಮ್ಮನ್ನು ಅವರು ಹೆಚ್ಚು ನೋಡುತ್ತಿರಲಿಲ್ಲ ಎಂಬುದು ನನ್ನ ಹೊಟ್ಟೆಕಿಚ್ಚು.

ಒಮ್ಮೆ ಕೇಳಿಯೂ ಬಿಟ್ಟೆ. "ಮಾಸ್ಟ್ರೆ, ಒಂದು ಗೋಲು ಹಾಕಲಿಕ್ಕೆ ಬಾರದವರಿಗೆ ಇಷ್ಟು ಸಾಮಾನು ಯಾಕೆ? ಟೀಮಿಗೆ ಹಾಕಿದರೆ ಕಾಲೇಜಿಗೆ ಹೆಸರಾದರೂ ಬಂದೀತು."

"ಆಟದ ಫೀಸು ಯಾರು ಕಟ್ಟುವುದು?"

"ಎಲ್ಲರೂ."

"ಟೀಮಿನಲ್ಲಿ ಎಷ್ಟು ಜನ ಉಂಟು?"

"ಹನ್ನೊಂದು."

"ಹಾಗಾದ್ರೆ ನೀನು ಹಾರುವುದು ಆ ಕನ್ನಡಕದವನ ಫೀಸಿನಲ್ಲಿ ಮಾರಾಯ. ಅವನಿಗೆ ಒಂದು ಬಾಲ್ ಮುಟ್ಟಲಿಕ್ಕಾದರೂ ಸಿಗಬೇಕಲ್ಲ?"

ಇದಕ್ಕಾಗಿಯೇ ಅವರು ಒಂದು ಪದ್ಧತಿ ಇಟ್ಟಿದ್ದರು. ನಮ್ಮ ಕಡೆಯ ತುಳುವರ ಮನೆಗಳಲ್ಲಿ ಹೊಸ ಅಕ್ಕಿಯ ಊಟಕ್ಕೆ ಪುದ್ವಾರ್ ಎನ್ನುತ್ತಾರೆ. ಗದ್ದೆಗೆ ಇಳಿಯದ ಮಗುವಿಗೂ, ಮಂಚ ಬಿಟ್ಟೇಳದ ಅಜ್ಜನಿಗೂ ಅಂದು ಒಂದು ತುತ್ತು ಹೊಸತು ಸಿಗಲೇಬೇಕು. ಕಾಲೇಜಿಗೆ ಹೊಸ ಚೆಂಡು ಬಂದ ದಿನ ಮಾಸ್ಟ್ರು, "ಇವತ್ತು ಬಾಲಿನ ಪುದ್ವಾರ್" ಎನ್ನುತ್ತಿದ್ದರು. ಮೊದಲ ಸಂಜೆ ಅದು ಟೀಮಿನವರಿಗಿಲ್ಲ. ಯಾವ ಟೀಮಿಗೂ ಸೇರದವರೇ ಅದನ್ನು ಒದೆಯಬೇಕು. ನಾವು ಹನ್ನೊಂದು ಜನ ಗೋಡೆಯ ಮೇಲೆ ಸಾಲಾಗಿ ಕುಳಿತು, ಹೊಳೆಯುವ ಹೊಸ ಚೆಂಡು ಆಡಲು ಬಾರದವರ ಕಾಲಿಗೆ ಸಿಕ್ಕಿ ಅಡ್ಡಾದಿಡ್ಡಿ ಓಡುವುದನ್ನು ನೋಡುತ್ತಿದ್ದೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಫುಟ್ಬಾಲ್ ಟೀಮು ಜಿಲ್ಲೆಯ ಕಾಲೇಜುಗಳನ್ನೆಲ್ಲ ಸೋಲಿಸಿತು. ಮುಂದಿನ ಆಟ ಮದರಾಸಿನಲ್ಲಿ, ಆಗ ನಮ್ಮ ಜಿಲ್ಲೆ ಆ ರಾಜ್ಯಕ್ಕೆ ಸೇರಿತ್ತು. ನಾವು ಅದುವರೆಗೆ ಬರಿಗಾಲಲ್ಲೇ ಆಡಿದವರು. ಅಲ್ಲಿಯವರು ಬೂಟು ಹಾಕುತ್ತಾರಂತೆ ಎಂಬ ಸುದ್ದಿಯೇ ನಮಗೆ ನಿದ್ದೆ ಕೆಡಿಸಿತು. ಬಂದರಿನಲ್ಲಿ ದಿನಸಿ ಮಂಡಿ ಇಟ್ಟಿದ್ದ ನನ್ನ ಸೋದರಮಾವನ ಹತ್ತಿರ ಹೋಗಿ ಅತ್ತುಕೊಂಡೆ. ಮಾವ ಧಾರಾಳಿ, ಆದರೆ ವ್ಯಾಪಾರಿ. "ಬೂಟು, ಬಾಲು ನಾನು ಕೊಡ್ತೇನೆ. ಆದರೆ ರೈಲಿನದ್ದು, ಅಲ್ಲಿ ಉಳಿಯುವುದು, ಕೋಚಿಂಗು, ಅದೆಲ್ಲ ನಿನ್ನ ಕಾಲೇಜು ಹಾಕಬೇಕು. ಅವರಿಗೆ ಬೇಡದ್ದು ನನಗೆ ಯಾಕೆ?" ಎಂದ. ಮಾತು ಸರಿಯಾಗಿಯೇ ಇತ್ತು.

ಕಾಲೇಜಿನ ಪಾಲು ಹಾಕಬೇಕಾದರೆ ಆ ವರ್ಷದ ಆಟದ ಫೀಸು ಅಷ್ಟೂ ಬೇಕು. ಅಂದರೆ ಸಂಜೆಯ ಕೋಣೆ ಮುಚ್ಚಬೇಕು. ಕಬಡ್ಡಿ ಇಲ್ಲ, ರಿಂಗ್ ಇಲ್ಲ, ಪಂಚೆಯ ಮೇಷ್ಟ್ರ ವಾಲಿಬಾಲ್ ಇಲ್ಲ. ತೀರ್ಮಾನ ಮಾಡಬೇಕಾದದ್ದು ಐದು ಜನರ ಆಟದ ಕಮಿಟಿ. ಪ್ರಿನ್ಸಿಪಾಲರಿಗೂ ಒಬ್ಬ ಲೆಕ್ಚರರಿಗೂ ಫುಟ್ಬಾಲ್ ಬೇಕು. ಮಾಸ್ಟ್ರಿಗೂ ಲೆಕ್ಕಶಾಸ್ತ್ರದ ಮೇಷ್ಟ್ರಿಗೂ ಬೇಡ. ಐದನೆಯವನು ವಿದ್ಯಾರ್ಥಿಗಳ ಆಟದ ಸೆಕ್ರೆಟರಿ, ಅಂದರೆ ನಾನು. ಮೀಟಿಂಗು ಸೋಮವಾರಕ್ಕೆ ನಿಶ್ಚಯವಾಯಿತು.

ಶನಿವಾರ ಮಾವನ ಬೂಟುಗಳೂ ಹೊಸ ಚೆಂಡೂ ಬಂದವು. ಮಾಸ್ಟ್ರು ಚೆಂಡನ್ನು ಮೂಗಿನ ಹತ್ತಿರ ಹಿಡಿದು ಚರ್ಮದ ವಾಸನೆ ನೋಡಿದರು. "ಒಳ್ಳೆ ಬಾಲ್. ಇವತ್ತು ಸಂಜೆ ಪುದ್ವಾರ್" ಎಂದು ಹೇಳಿ, ಕೋಣೆಯ ಕೀ ನನ್ನ ಕೈಗೇ ಕೊಟ್ಟು ಆಫೀಸಿಗೆ ಹೋದರು. ನನ್ನನ್ನು ನಂಬಿ ಕೊಟ್ಟದ್ದು. ಕ್ಯಾಪ್ಟನ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕಾಲು ಗಂಟೆಯಲ್ಲಿ ಹನ್ನೊಂದು ಜನ, ಹನ್ನೊಂದು ಜೊತೆ ಬೂಟು, ಒಂದು ಚೆಂಡು ವಾಮಂಜೂರಿನ ಬಸ್ಸಿನಲ್ಲಿದ್ದವು.

ವಾಮಂಜೂರಿಗೇ ಹೋಗಲು ಕಾರಣವಿತ್ತು. ಪ್ರತಿ ವರ್ಷ ಭತ್ತ ಕೊಯ್ದ ಮೇಲೆ ಮಾಸ್ಟ್ರು ಟೀಮನ್ನು ಅಲ್ಲಿನ ಒಂದು ದೊಡ್ಡ ಗದ್ದೆಗೆ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದರು. ಗದ್ದೆ ಯಾರದ್ದೆಂದು ನಾವು ಕೇಳಿದವರಲ್ಲ. ಆ ದಿನ ಹೋಗಿ ನೋಡಿದರೆ, ಕೂಳೆ ಮಾಯವಾಗಿದೆ. ಮಣ್ಣನ್ನು ಹುಡಿ ಮಾಡಿ, ಹಲಗೆ ಎಳೆದು, ಚಾಪೆ ಹಾಸಿದಂತೆ ಸಮ ಮಾಡಲಾಗಿದೆ. ಕ್ಯಾಪ್ಟನ್ ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡು ಮಾರಾಯ, ಎಷ್ಟು ಬೈತೇವೆ ನಾವು. ಮದರಾಸಿಗೆ ಹೋಗ್ತೇವೆ ಅಂತ ಮಾಸ್ಟ್ರು ನಮಗೋಸ್ಕರ ನೆಲ ಮೆತ್ತಗೆ ಮಾಡಿಸಿಟ್ಟಿದ್ದಾರೆ" ಎಂದ. ನಾವೆಲ್ಲರೂ ಪೇಟೆಯ ಮಕ್ಕಳು. ನಂಬಿದೆವು.

ನಾನು ಜನ್ಮದಲ್ಲಿ ಹಾರದಷ್ಟು ಹಾರಿದ್ದು ಆ ಸಂಜೆ. ಬಿದ್ದರೆ ನೋವಿಲ್ಲ. ಮಣ್ಣು ಮೆಲ್ಲನೆ ಎತ್ತಿಕೊಳ್ಳುತ್ತಿತ್ತು. ಹೊಸ ಚೆಂಡು ಒದ್ದ ಕಡೆಗೇ ಬರುತ್ತಿತ್ತು. ಆಚೆ ಗುಡ್ಡದ ಹಿಂದೆ ಸೂರ್ಯ ಇಳಿಯುತ್ತಿದ್ದ. ನನ್ನ ಕನಸಿನ ಗೋಲು ಅದೇ, ಆ ವಾಸನೆ ಅದೇ.

ಬದುವಿನ ಮೇಲೆ ಒಬ್ಬ ಹೆಂಗಸು ಕೈ ಬೀಸುತ್ತ ಓಡಿ ಬರುವುದು ಕಂಡಿತು. "ಉರ್ದು! ಉರ್ದು!" ಎಂದು ಕೂಗುತ್ತಿದ್ದರು.

ಕ್ಯಾಪ್ಟನ್ ನನ್ನ ಕಡೆಗೆ ತಿರುಗಿದ. "ನಿನ್ನ ಬಿಳಿ ಟೊಪ್ಪಿ ನೋಡಿ ಉರ್ದು ಬರ್ತದಾ ಅಂತ ಕೇಳ್ತಿದ್ದಾರೆ. ಉತ್ತರ ಕೊಡು."

ನಾನು ಬಹಳ ಮರ್ಯಾದೆಯಿಂದ ಎದೆಗೆ ಕೈ ಇಟ್ಟು ಕೂಗಿ ಹೇಳಿದೆ: "ಇಲ್ಲ ಅಮ್ಮಾ, ನಮಗೆ ಉರ್ದು ಬರುವುದಿಲ್ಲ. ನಮ್ಮದು ಬ್ಯಾರಿ ಭಾಷೆ!"

ಅವರು ಹತ್ತಿರ ಬಂದು, ಬಗ್ಗಿ, ನನ್ನ ಬೂಟಿನ ಅಡಿಯಿಂದ ಒಂದು ಹಿಡಿ ಮಣ್ಣೆತ್ತಿ, ಅಂಗೈಯಲ್ಲಿ ಬಿಡಿಸಿ ತೋರಿಸಿದರು. ನಾಲ್ಕು ಕರಿ ಕಾಳು. ಉದ್ದು. ತುಳುವಿನಲ್ಲಿ ಉದ್ದಿಗೆ ಉರ್ದು ಎನ್ನುತ್ತಾರೆ. ಮಾವನ ಮಂಡಿಯಲ್ಲಿ ಉದ್ದಿನ ಚೀಲದ ಮೇಲೆ ಮಲಗಿ ಬೆಳೆದವನು ನಾನು, ಆದರೆ ಉದ್ದನ್ನು ಮಣ್ಣಿನಲ್ಲಿ ಕಂಡವನಲ್ಲ. ಅವರು ಹಿಂದಿನ ದಿನವಷ್ಟೇ ಬಿತ್ತಿದ್ದರಂತೆ.

ಅಷ್ಟರಲ್ಲಿ ಬದುವಿನ ಮೇಲೆ ಸೈಕಲ್ ಬಂದು ನಿಂತಿತು. ಮಾಸ್ಟ್ರು ಇಳಿದರು. ಆಗಲೇ ನಮಗೆ ತಿಳಿದದ್ದು, ಗದ್ದೆ ಅವರ ಮನೆಯದ್ದು, ಈ ಹೆಂಗಸು ಅವರ ಅಕ್ಕ.

ಅಕ್ಕ ಆ ಮಣ್ಣಿನ ಕೈಯನ್ನು ಅವರ ಮುಖದ ಮುಂದೆ ಚಾಚಿದರು. "ನೋಡು ನಿನ್ನ ಮಕ್ಕಳ ಕೆಲಸ! ಬೂಟು ಹಾಕಿ ತುಳಿದಿದ್ದಾರೆ. ಇನ್ನು ಇದು ಮೊಳೆಯುವುದುಂಟಾ?"

ಮಾಸ್ಟ್ರು ಗದ್ದೆಯನ್ನು ಒಮ್ಮೆ ಪೂರ್ತಿ ನೋಡಿದರು. "ತಪ್ಪು ನನ್ನದು ಅಕ್ಕ. ಬಿತ್ತಿದ್ದೇವೆ ಅಂತ ಇವರಿಗೆ ಹೇಳಿರಲಿಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ನಾನು ಕೀ ತೆಗೆದು ಅವರ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಚೆಂಡು ತೆಗೆದುಕೊಂಡರು. ಅದಕ್ಕೆ ಅಂಟಿದ್ದ ಮಣ್ಣನ್ನು ತಮ್ಮ ಬಿಳಿ ಅಂಗಿಗೇ ಒರೆಸಿ, ಅಕ್ಕನ ಕಾಲ ಹತ್ತಿರ ಇಟ್ಟರು.

"ಎಂತ ಇದು?" ಎಂದರು ಅಕ್ಕ.

"ಬಾಲಿನ ಪುದ್ವಾರ್ ಆಗಲಿಲ್ಲ ಇವತ್ತು. ನೀನು ಒಂದು ಒದೆ ಅಕ್ಕ."

"ನಿನಗೆ ಮರ್ಲಾ?" ಎಂದು ಅಕ್ಕ ಗದರಿದರು. ಹುಚ್ಚಾ ಎಂದು ಕೇಳಿದ್ದು. ನಂತರ ಚೆಂಡನ್ನು ನೋಡಿದರು, ನಮ್ಮ ಹನ್ನೊಂದು ಮುಖಗಳನ್ನು ನೋಡಿದರು. ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಒದ್ದೇ ಬಿಟ್ಟರು. ಚೆಂಡು ಬದುವಿನಾಚೆ ತೋಡಿನ ನೀರಿಗೆ ಬಿತ್ತು. ಮಾಸ್ಟ್ರ ಭುಜ ಕುಣಿಯತೊಡಗಿತು. ಅಕ್ಕನ ಸಿಟ್ಟು ಹೋಗಿರಲಿಲ್ಲ, ಆದರೂ ಅವರೂ ನಕ್ಕುಬಿಟ್ಟರು.

ಇಷ್ಟಾದ ಮೇಲೆ ಸೋಮವಾರ ನಾನು ಮಾಸ್ಟ್ರ ಪರವಾಗಿ ಕೈ ಎತ್ತಿದೆ ಎಂದು ಬರೆಯಲು ನನಗೆ ಬಹಳ ಆಸೆ. ಆದರೆ ಎತ್ತಲಿಲ್ಲ. ನನಗೆ ಇಪ್ಪತ್ತು ವರ್ಷ, ಮನೆಯಲ್ಲಿ ಮಂಚದ ಕೆಳಗೆ ಹೊಸ ಬೂಟು, ಕಣ್ಣ ತುಂಬ ಮದರಾಸು. ಮಾಸ್ಟ್ರು ಮೀಟಿಂಗಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಇವನ ಮಾವ ಕೊಡುವುದು ದೊಡ್ಡ ಮನಸ್ಸು. ಆದರೆ ಅದು ಅವರಿಗೆ ಮನಸ್ಸಾದಾಗ ಬರುವುದು. ಫೀಸು ಹಾಗಲ್ಲ, ವರ್ಷ ವರ್ಷ ಬಂದೇ ಬರ್ತದೆ, ಸಣ್ಣದಾದರೂ. ಅದರಲ್ಲಿ ಎಷ್ಟು ಆಡ್ಲಿಕ್ಕೆ ಆಗ್ತದೋ ಅಷ್ಟು ಎಲ್ಲರೂ ಆಡುವ. ಟೀಮಿಗೆ ಬೇರೆ ದಾರಿ ಹುಡುಕುವ, ನಾನೂ ನಾಲ್ಕು ಮನೆಗೆ ಬರ್ತೇನೆ" ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ ಮೆಲ್ಲನೆ ಕೇಳಿದರು: "ಇದೆಲ್ಲ ಈ ವರ್ಷ ಖರ್ಚು ಮಾಡಿದರೆ, ಬರ್ಪಿ ವರ್ಸೊಗು?"

ಅವರು ಆ ಮಾತು ಕೇಳಿದಾಗ ನಗದೆ ಇದ್ದದ್ದು ಅದೇ ಮೊದಲು. "ಆಗ ನೋಡುವ ಮಾಸ್ಟ್ರೆ" ಎಂದು ಹೇಳಿ ನಾನು ಫುಟ್ಬಾಲಿಗೆ ಕೈ ಎತ್ತಿದೆ.

ಮದರಾಸಿನಲ್ಲಿ ಮೊದಲ ಆಟದಲ್ಲೇ ಸೋತೆವು. ಹೊಸ ಬೂಟು ಕಚ್ಚಿ ಎಲ್ಲರ ಹಿಮ್ಮಡಿಯೂ ಬೊಬ್ಬೆ. ಅರ್ಧ ಆಟ ಮುಗಿದಾಗ ಬೂಟು ಕಳಚಿ ಇಟ್ಟೆವು, ಅಷ್ಟರಲ್ಲಿ ನಾನು ನಾಲ್ಕು ಗೋಲು ಬಿಟ್ಟುಕೊಟ್ಟಾಗಿತ್ತು. ಮರುವರ್ಷ ಮಾವ ಮದ್ರಸದ ಸೋರುವ ಮಾಡು ರಿಪೇರಿ ಮಾಡಿಸಿದ. ಅದು ಫುಟ್ಬಾಲಿಗಿಂತ ಅವಸರದ್ದು, ಅವನನ್ನು ದೂರುವ ಹಾಗಿಲ್ಲ. ಟೀಮಿಗೆ ಹಣವಿಲ್ಲ. ಮುಚ್ಚಿದ ಕೋಣೆಯನ್ನು ತೆರೆಯೋಣವೆಂದರೆ, ಆ ಫೀಸನ್ನು ಕಾಲೇಜು ಆಗಲೇ ಬೇರೆ ಯಾವುದೋ ಬಾಬ್ತಿಗೆ ಸೇರಿಸಿಕೊಂಡಿತ್ತು. ನಾಲ್ಕೂವರೆಯ ಗಂಟೆ ಹೊಡೆದರೆ ಕನ್ನಡಕದ ಹುಡುಗರು ಸೀದಾ ಮನೆಗೆ ಹೋಗುತ್ತಿದ್ದರು. ಪಂಚೆಯ ಮೇಷ್ಟ್ರು ಕೆಲವು ದಿನ ಮೈದಾನದ ತನಕ ಬಂದು, ನಿಂತು, ಹಿಂದಿರುಗಿದರು. ಧೂಳು ಏಳಲೇ ಇಲ್ಲ. ಹುಲ್ಲು ಬಂತು.

ಮದರಾಸಿನಿಂದ ಬಂದ ವಾರದಲ್ಲೇ ಒಂದು ದಿನ ಮಾಸ್ಟ್ರು, "ಬಾ, ಒಂದು ತೋರಿಸ್ತೇನೆ" ಎಂದು ನನ್ನನ್ನು ಸೈಕಲಿನ ಹಿಂದೆ ಕೂರಿಸಿಕೊಂಡು ಗದ್ದೆಗೆ ಕರೆದೊಯ್ದರು. ಉದ್ದು ಮೊಳೆತಿತ್ತು. ನಡುವಿನಲ್ಲಿ ತೆಳ್ಳಗೆ, ಬದಿಗಳಲ್ಲಿ ದಟ್ಟವಾಗಿ, ಎಳೆ ಹಸಿರು. ಎರಡು ತುದಿಗಳಲ್ಲಿ ಮಾತ್ರ ಏನೂ ಇಲ್ಲ, ಬರೇ ಗಟ್ಟಿ ಮಣ್ಣು. ನಮ್ಮ ಎರಡು ಗೋಲುಗಳು.

"ಅದು ನೀನು ಬಿದ್ದ ಜಾಗ" ಎಂದರು. ದೂರಿನ ಧ್ವನಿಯಲ್ಲ, ಏನೋ ಚಂದದ್ದನ್ನು ತೋರಿಸುವ ಧ್ವನಿ. ಮರುವರ್ಷ ಪರೀಕ್ಷೆ ಮುಗಿಸಿ ಕಾಲೇಜು ಬಿಟ್ಟೆ. ನಾಚಿಕೆಯಿಂದ ಮತ್ತೆ ಆ ಕಡೆ ಹೋಗಲಿಲ್ಲ. ಹಂಪನಕಟ್ಟೆಗೂ ವಾಮಂಜೂರಿಗೂ ದಿನಾ ಬಸ್ಸುಗಳಿದ್ದವು.

ಸಾವಿನ ಸುದ್ದಿ ಕೇಳಿದ ಮರುದಿನ ಹೋದೆ. ಅಕ್ಕ ಈಗ ತೀರಾ ಮುದುಕಿ, ಜಗಲಿಯಲ್ಲಿ ಕುಳಿತಿದ್ದರು. ಯಾರೆಂದು ಹೇಳಬೇಕಾಗಿ ಬರಲಿಲ್ಲ. "ಉರ್ದು ಬಾರದ ಹುಡುಗ ಅಲ್ಲವಾ?" ಎಂದರು. ಬೆಲ್ಲ ನೀರು ಕೊಟ್ಟು, ಕೋಲೂರಿಕೊಂಡು ಗದ್ದೆಯ ತನಕ ಬಂದರು.

ಉದ್ದು ಬಿತ್ತುವ ಹೊತ್ತು. ಹಲಗೆ ಎಳೆದ ಗದ್ದೆ ಮೆತ್ತಗೆ ಮಲಗಿತ್ತು. ಎರಡು ತುದಿಗಳಲ್ಲಿ ಎರಡು ತುಂಡು ನೆಲಕ್ಕೆ ಮಾತ್ರ ನೇಗಿಲು ತಾಗಿರಲಿಲ್ಲ.

"ಆ ವರ್ಷದಿಂದ ಅಲ್ಲಿ ಬಿತ್ತಲಿಕ್ಕೆ ಬಿಡಲೇ ಇಲ್ಲ ಅವನು. ನಾನು ಎಷ್ಟು ಬೈದೆ! ಗೋಲಿನ ಗುರ್ತ ಇರಲಿ ಅಂತ ಹೇಳುವುದು. ಉದ್ದು ಕಿತ್ತು ಆದ ಮೇಲೆ ಮಳೆ ಬರುವ ತನಕ ಸಂಜೆ ಊರಿನವರೆಲ್ಲ ಇಲ್ಲಿ ಆಡುವುದು. ಹೆಂಗಸರೂ ಬರ್ತಾರೆ. ವರ್ಷಕ್ಕೆ ಒಂದು ಹೊಸ ಬಾಲ್ ತರುತ್ತಿದ್ದ, ಅವನ ಪೆನ್ಶನಿನಲ್ಲಿ. ಮೊದಲ ಒದೆ ನನ್ನದು." ಅವರು ಕೋಲಿನಿಂದ ಆ ಗಟ್ಟಿ ನೆಲವನ್ನು ಮೆಲ್ಲನೆ ತಟ್ಟಿದರು. "ನಾಳೆ ಬಿತ್ತಲಿಕ್ಕೆ ಆಳು ಬರ್ತಾರೆ. ಇನ್ನು ಬಾಲ್ ತರುವವರು ಯಾರು? ಈ ಜಾಗಕ್ಕೂ ಬಿತ್ತಿ ಬಿಡುವುದಾ ಅಂತ ಯೋಚಿಸ್ತಾ ಇದ್ದೇನೆ ಮಗಾ."

ನಾನು ಚಪ್ಪಲಿ ಬಿಚ್ಚಿ ಆ ನೆಲದ ಮೇಲೆ ನಿಂತೆ. ಬಲಗಡೆಗೆ ನೋಡಿದೆ.

"ಬಿತ್ತಬೇಡಿ ಅಕ್ಕ. ಬಾಲ್ ನಾನು ತರ್ತೇನೆ."

ಅಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೊಟ್ಟೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಅವರ ಭುಜ ಸದ್ದಿಲ್ಲದೆ ಒಮ್ಮೆ ಕುಣಿಯಿತು.

"ಬರ್ಪಿ ವರ್ಸೊಗು?" ಎಂದರು.

ಕಮಿಟಿಯ ಮೇಜಿನ ಮೇಲೆ ನಾನು ಬಿಟ್ಟು ಬಂದ ಪ್ರಶ್ನೆ ಅದು.

"ಬರುವ ವರ್ಷಕ್ಕೂ ಅಕ್ಕ. ಬರ್ಪಿ ವರ್ಸೊಗುಲಾ" ಎಂದೆ.